ಕಾನೂನು ಓದುವವರಿಗೆ ಕಂಪ್ಯೂಟರ್ ಪಾಠ ಕನ್ನಡದಲ್ಲೇ ಆಗಲಿ!

ಕನ್ನಡಿಗರೇ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕೋರ್ಟುಗಳ ಕಿರಿಯ ವಕೀಲರು ಅಡಿಕೆ ದುಡ್ಡಿನ ಜಗಳದ ವಾಟ್ಸಾಪ್ ಮಾತುಗಳನ್ನು ಅಚ್ಚು ಹಾಕಿಸಲು ನನ್ನ ಪ್ರೆಸ್ಸಿಗೆ ಬರುತ್ತಾರೆ. ಬರೀ ಕಾಗದ ಸಾಕೇ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಕೇಳುತ್ತದೆ. ಅದರಲ್ಲಿ ಹ್ಯಾಶ್ ಸಂಖ್ಯೆ ಇರಬೇಕು. ಕಡತದ ಒಂದಕ್ಷರ ತಿದ್ದಿದರೂ ಆ ಸಂಖ್ಯೆ ಬದಲಾಗುತ್ತದೆ. ಹೇಳಿದರೆ ಹುಡುಗರು ಕಣ್ಣು ಕಣ್ಣು ಬಿಡುತ್ತಾರೆ!

ಹಳೆಯ ನುಡಿ ಅಕ್ಷರದ ದಾವೆಗಳನ್ನು ಯೂನಿಕೋಡಿಗೆ ತಾರದಿದ್ದರೆ ಹುಡುಕಿದ ಹೆಸರು ಸಿಗದು, ನೂರು ಕೇಸು ಹೋಲಿಸಲಾಗದು. ಅಪ್ಪನ ಅಚ್ಚುಮೊಳೆ ಜೋಡಿಸಿ ಬೆಳೆದ, ಪಿಯುಸಿ ಓದಿದ ನನಗೆ ತಿಳಿದದ್ದು ಕಾನೂನು ಪದವೀಧರನಿಗೆ ತಿಳಿಯದಿದ್ದರೆ ತಪ್ಪು ಯಾರದು? ಕಲಿಸದವರದು!

ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದನ್ನು ಕನ್ನಡದಲ್ಲೇ, ಕಡ್ಡಾಯವಾಗಿ, ಕಂಪ್ಯೂಟರ್ ಮುಂದೆ ಕೂರಿಸಿ ಕಲಿಸಲಿ. ಇಲ್ಲದಿದ್ದರೆ ಸೋಲುವುದು ವಕೀಲನಲ್ಲ, ನಮ್ಮ ರೈತ!