ಲವಂಗದೆಣ್ಣೆಗೆ ಮೊದಲು ಐಸಿನ ಲೆಕ್ಕ ಕೊಡಿ

ಲವಂಗ, ದಾಲ್ಚಿನ್ನಿ, ಓಮದ ಎಣ್ಣೆ ಬೆರೆಸಿದರೆ ಹಸಿ ಮಾಂಸ ಹೆಚ್ಚು ದಿನ ಬಾಳುತ್ತದೆ, ರಾಸಾಯನಿಕದ ಗೊಡವೆಯೇ ಬೇಡ ಎನ್ನುವ ವಾದಕ್ಕೆ ಈಗ ಸುಗ್ಗಿ. ಖಾನಾಪುರದ ಕಾಡಂಚಿನಲ್ಲಿ ದಾಲ್ಚಿನ್ನಿ ಬೆಳೆದು, ಎಣ್ಣೆ ಇಳಿಸಿ ಬೆಳಗಾವಿಗೆ ಮಾರುವ ಕನಸಿನವರೆಗೂ ಅದು ಸಲೀಸಾಗಿ ಹಬ್ಬುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಬೆಳಗಾವಿಯ ಖಾಸಬಾಗದಲ್ಲಿ ರವಿವಾರದ ಸಂತೆಯ ದಿನ ಕೊಕ್ಕೆಗೆ ತೂಗುವ ಮಾಂಸಕ್ಕೆ ಇದರಿಂದ ಕವಡೆ ಕಾಸಿನ ಉಪಯೋಗವಿಲ್ಲ.

ಈ ಎಣ್ಣೆಗಳು ಬ್ಯಾಕ್ಟೀರಿಯಾ ಕೊಲ್ಲುವುದು ನಿಜ. ಎಷ್ಟು ಹಾಕಿದರೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದ ಸಾರಾ ಬರ್ಟ್ 2004ರಲ್ಲೇ ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಆಹಾರದಲ್ಲಿ ಗಮನಾರ್ಹ ಪರಿಣಾಮ ಕಾಣಲು ಗ್ರಾಂಗೆ 0.5ರಿಂದ 20 ಮೈಕ್ರೋಲೀಟರ್ ಬೇಕು. ಅಂದರೆ ಕಿಲೋ ಮಾಂಸಕ್ಕೆ ಅರ್ಧ ಎಂಎಲ್‌ನಿಂದ 20 ಎಂಎಲ್. ಪ್ರಯೋಗಾಲಯದ ತಟ್ಟೆಯಲ್ಲಿ ಹನಿಗೇ ಸಾಯುವ ಜೀವಿ ಮಾಂಸದಲ್ಲಿ ಬದುಕಿಕೊಳ್ಳುತ್ತದೆ; ಅಲ್ಲಿನ ಕೊಬ್ಬು, ಪ್ರೋಟೀನು ಎಣ್ಣೆಯನ್ನು ತಾವೇ ಹಿಡಿದುಕೊಳ್ಳುತ್ತವೆ.

ಕಿಲೋಗೆ 5 ಎಂಎಲ್ ಲವಂಗದೆಣ್ಣೆ ಅಂತಲೇ ಹಿಡಿಯಿರಿ. ಕಾಲು ಕಿಲೋ ತಿಂದವನ ಪಾಲಿಗೆ ಆ ಎಣ್ಣೆಯ ಮುಖ್ಯ ಅಂಶವಾದ ಯೂಜೆನಾಲ್ ಹೆಚ್ಚುಕಡಿಮೆ ಒಂದು ಗ್ರಾಂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒದ ಜಂಟಿ ತಜ್ಞ ಸಮಿತಿ ಒಪ್ಪಿರುವ ದಿನದ ಮಿತಿ ದೇಹದ ಕಿಲೋ ತೂಕಕ್ಕೆ 2.5 ಮಿಲಿಗ್ರಾಂ, 60 ಕಿಲೋ ಆಸಾಮಿಗೆ 150 ಮಿಲಿಗ್ರಾಂ. ಒಲೆಯ ಮೇಲೆ ಒಂದಿಷ್ಟು ಆವಿಯಾಯಿತು ಅಂದುಕೊಂಡರೂ ಲೆಕ್ಕ ಕೂಡುವುದಿಲ್ಲ. ರುಚಿಯ ಮಾತು ಬೇರೆ. ಇದು ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುವ ಎಣ್ಣೆ, ನಾಲಿಗೆ ಜೋಮು ಹಿಡಿಯುತ್ತದೆ.

ಇನ್ನು ತಂಪಿನಲ್ಲಿಟ್ಟ ಮಾಂಸ ಲೋಳೆಯಾಗಿ ನಾರುವಂತೆ ಮಾಡುವ ಮುಖ್ಯ ಆರೋಪಿ ಸ್ಯೂಡೋಮೊನಾಸ್. ಈ ಎಣ್ಣೆಗಳಿಗೆ ಅತಿ ಕಡಿಮೆ ಬಗ್ಗುವ ಬ್ಯಾಕ್ಟೀರಿಯಾಗಳಲ್ಲಿ ಅದೂ ಒಂದು.

ಸಾವಜಿ ಖಿಮಾದಲ್ಲಿ ಲವಂಗ, ದಾಲ್ಚಿನ್ನಿ ಇದ್ದೇ ಇರುತ್ತದಲ್ಲ ಅನ್ನಬಹುದು. ಇರುತ್ತದೆ, ರುಚಿಗೆ. ಮಸಾಲೆ ಬೆರೆಸಿ ಪ್ಯಾಕ್ ಮಾಡಿದ ಖಿಮಾಕ್ಕೆ ತಂಪಿನ ಜೊತೆಗೆ ಎಣ್ಣೆಯೂ ಅಷ್ಟಿಷ್ಟು ನೆರವಾದೀತು, ತಕರಾರಿಲ್ಲ. ತಂಪೇ ಇಲ್ಲದ ಕಡೆ ಎಣ್ಣೆ ಸುರಿಯುವುದಕ್ಕೆ ನನ್ನ ತಕರಾರು.

ಐಸಿನ ಕೆಲಸವನ್ನು ಬಾಟಲಿಗೆ ವಹಿಸಿದರೆ ಏನಾಗುತ್ತದೆಂದು ಘಟ್ಟದ ಕೆಳಗೆ ನೋಡಿದ್ದೇವೆ. 2018ರ ಜುಲೈಯಲ್ಲಿ ಮಡಗಾಂವ ಮಾರುಕಟ್ಟೆಯ ಮೀನಿನಲ್ಲಿ ಫಾರ್ಮಾಲಿನ್ ಇದೆಯೆಂದು ಗುಲ್ಲೆದ್ದು, ಗೋವಾ ಸರಕಾರ ಹೊರರಾಜ್ಯದ ಮೀನನ್ನೇ ಕೆಲಕಾಲ ತಡೆಯಿತು. ಲವಂಗದೆಣ್ಣೆ ಫಾರ್ಮಾಲಿನ್‌ನಂಥ ವಿಷವಲ್ಲ, ಒಪ್ಪಿದೆ. ಆದರೆ ಹಳಸಿದ್ದರ ವಾಸನೆ ಮುಚ್ಚಿ ಗಿರಾಕಿಯ ಮೂಗಿಗೆ ಮೋಸ ಮಾಡಲು ಅದಕ್ಕಿಂತ ಒಳ್ಳೆಯ ಸಾಧನ ಸಿಗಲಿಕ್ಕಿಲ್ಲ!

ಘಟ್ಟ ಹತ್ತಿ ಬೆಳಗಾವಿಗೆ ಬರುವ ಮೀನು ಐಸಿನಲ್ಲೇ ಬರುತ್ತದೆ. ಅದೇ ಊರಿನ ಮಟನ್ ಬಿಸಿಲಿಗೆ ತೂಗುತ್ತದೆ. ಸರಕಾರಕ್ಕೆ ಸಬ್ಸಿಡಿ ಕೊಡುವ ಉಮೇದಿದ್ದರೆ ಅಂಗಡಿಯ ಫ್ರಿಜ್ಜಿಗೆ, ಅದರ ಕರೆಂಟ್ ಬಿಲ್ಲಿಗೆ ಕೊಡಲಿ. ಪಾಲಿಕೆಯವರು ಲೈಸೆನ್ಸ್ ನವೀಕರಿಸುವಾಗ ಆ ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಟ್ಟು, 4 ಡಿಗ್ರಿ ತೋರಿಸಿದ ಮೇಲೆ ಸಹಿ ಹಾಕಲಿ.