ನಲ್ಲಿ ಬಿಗಿ ಮಾಡದವರಿಗೆ ನದಿ ಏಕೆ?

ರಾಜಧಾನಿಗೆ ನೀರು ಸಾಲದೆಂಬ ಕೂಗು ಎದ್ದಾಗಲೆಲ್ಲ ಯೋಜಕರ ಬೆರಳು ನಕಾಶೆಯ ಮೇಲೆ ಪಶ್ಚಿಮಘಟ್ಟದತ್ತ ಸರಿಯುತ್ತದೆ. ಶರಾವತಿಯನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪಕ್ಕೆ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿ ಉತ್ತರಿಸಿತು. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿದೆ. ಇಳಿದು ಹರಿದು ವಿದ್ಯುತ್ ಕೊಡುವ ನೀರನ್ನು ವಿದ್ಯುತ್ ವ್ಯಯಿಸಿಯೇ ಮೇಲೆತ್ತಬೇಕೆಂಬ ಈ ವಿವೇಕವನ್ನು ಅಭಿವೃದ್ಧಿ ಎಂದು ಕರೆಯಲಾಗುತ್ತಿದೆ.

ಕೇಳುವವನು ತನ್ನ ಬಳಕೆಯನ್ನು ಎಂದಾದರೂ ಅಳೆದಿದ್ದಾನೆಯೇ? ರೈತನಿಗೆ ಹನಿ ನೀರಾವರಿಯ ಉಪದೇಶ ದಶಕಗಳಿಂದ ನಡೆದಿದೆ. ಆದರೆ ಉಪದೇಶ ಹೊರಡುವ ಕಚೇರಿಗಳ ಶೌಚಾಲಯಗಳಲ್ಲಿ ಸೋರುವ ನಲ್ಲಿಗೆ ಹೊಣೆಗಾರರಿಲ್ಲ.

ಲೆಕ್ಕ ಸರಳವಾಗಿದೆ. ಸಾವಿರ ಜನ ದುಡಿಯುವ ಒಂದು ಕಚೇರಿಯಲ್ಲಿ ಪ್ರತಿಯೊಬ್ಬರೂ ದಿನಕ್ಕೆ ಮೂರು ಬಾರಿ ಫ್ಲಶ್ ಮಾಡಿದರೆ, ಹತ್ತು ಲೀಟರಿನ ಹಳೆಯ ತೊಟ್ಟಿಯಿಂದ 30,000 ಲೀಟರ್ ಹೋಗುತ್ತದೆ. ಅಗತ್ಯಕ್ಕೆ ತಕ್ಕಂತೆ ಮೂರು ಅಥವಾ ಆರು ಲೀಟರ್ ಬಿಡುವ ಜೋಡಿಗುಂಡಿಯ ತೊಟ್ಟಿಯಿದ್ದು, ಮೂರರಲ್ಲಿ ಎರಡು ಬಾರಿ ಕಿರುಗುಂಡಿ ಒತ್ತಿದರೆ 12,000 ಲೀಟರ್ ಸಾಕು. ಒಂದೇ ಕಟ್ಟಡದಲ್ಲಿ, ಒಂದೇ ದಿನದಲ್ಲಿ 18,000 ಲೀಟರ್ ಉಳಿತಾಯ. ಆಸ್ಪತ್ರೆ, ಹೋಟೆಲ್, ಕಾಲೇಜು, ಕಾರ್ಖಾನೆಗಳನ್ನು ಓದುಗರೇ ಕೂಡಿಸಿಕೊಳ್ಳಲಿ.

2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿ ವಾಣಿಜ್ಯ ಸಂಸ್ಥೆಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯಗೊಳಿಸಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದಿತು. ಬೆರಳುದ್ದದ ಸಾಧನವೊಂದು ನೆನಪಾಗಲು ನಗರ ಬಾಯಾರಬೇಕಾಯಿತು. ಮಳೆನೀರು ಸಂಗ್ರಹದ ಕಾನೂನು ಬಂದದ್ದು 2009ರಲ್ಲಿ. ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ ಬೀಳುವ ಆ ಊರಿನಲ್ಲಿ ಸಾವಿರ ಚದರ ಮೀಟರಿನ ಒಂದು ಮಾಡಿನ ಮೇಲೆ ಒಂಬತ್ತು ಲಕ್ಷ ಲೀಟರ್ ಸುರಿಯುತ್ತದೆ. ಅದನ್ನು ಚರಂಡಿಗೆ ಬಿಟ್ಟು ಶರಾವತಿಗೆ ಕೈಚಾಚುವುದು ಯಾವ ನ್ಯಾಯ? 2018ರಿಂದ ನಗರದ ಸಂಸ್ಕರಿತ ಕೊಳಚೆನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ರೈತನ ಕೆರೆಗೆ ಸಲ್ಲುವ ನೀರು ಕಚೇರಿಯ ಶೌಚಾಲಯಕ್ಕೆ ಮಾತ್ರ ಸಲ್ಲದೇ?

ನಗರ ಬೆಳೆಯುತ್ತಿದೆ, ಉಳಿತಾಯವೊಂದೇ ಸಾಲದು ಎಂಬ ವಾದವುಂಟು. ಸಾಲದಿರಬಹುದು. ಆದರೆ ಉಳಿಸಿ ನೋಡದವನಿಗೆ ಸಾಲದೆನ್ನುವ ಹಕ್ಕಿಲ್ಲ. ಕಡಿದ ಶೋಲಾ ಕಾಡನ್ನು ಯಾವ ಪರಿಹಾರಧನವೂ ಮರಳಿ ಬೆಳೆಸದು. ನಲ್ಲಿಯನ್ನಾದರೋ ಇಂದೇ ಬದಲಿಸಬಹುದು.

ಈ ಮಾತು ಮಲೆನಾಡಿಗೂ ಅನ್ವಯಿಸುತ್ತದೆ. ಮಳೆಗಾಲದಲ್ಲಿ ತೇಲಾಡಿ ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ಕಾಯುವ ಊರುಗಳು ಇಲ್ಲಿಯೂ ಇವೆ. ಹಳ್ಳಕ್ಕೆ ಪಂಪು ಇಟ್ಟು ಈಜುಕೊಳ ತುಂಬಿಸುವ ರೆಸಾರ್ಟ್, ಕಾಫಿ ಪಲ್ಪಿಂಗ್ ನೀರನ್ನು ಸಂಸ್ಕರಿಸದೆ ಹೊಳೆಗೆ ಬಿಡುವ ತೋಟ, ತೊಟ್ಟಿ ತುಂಬಿ ಹರಿದರೂ ಮೋಟಾರು ನಿಲ್ಲಿಸದ ವಿದ್ಯಾರ್ಥಿನಿಲಯ: ಇವನ್ನು ಸಹಿಸಿಕೊಂಡವರ ಘೋಷಣೆಗೆ ಬಲ ಬರುವುದಿಲ್ಲ.

ಆದುದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಪ್ರತಿ ಸಂಸ್ಥೆಯೂ ಮೀಟರು ಅಳವಡಿಸಿ, ವರ್ಷಕ್ಕೊಮ್ಮೆ ತನ್ನ ನೀರಿನ ಲೆಕ್ಕವನ್ನು ಸಾರ್ವಜನಿಕರ ಮುಂದಿಡಲಿ. ವಿದ್ಯಾರ್ಥಿಗಳು ತಮ್ಮ ಕಾಲೇಜಿನಿಂದಲೇ ಈ ಲೆಕ್ಕವನ್ನು ಆರಂಭಿಸಲಿ. ಗ್ರಾಮಸಭೆಗಳು ತಮ್ಮ ವ್ಯಾಪ್ತಿಯ ರೆಸಾರ್ಟುಗಳಿಂದ ಅದನ್ನು ಕೇಳಲಿ. ಆ ಲೆಕ್ಕ ಬರುವವರೆಗೆ ಯಾವ ನದಿಯ ತಿರುವಿನ ಮಾತೂ ಘಟ್ಟ ಹತ್ತದಿರಲಿ.