ಮಾನ ಕಾಯಲು ಹೋಗಿ ಪ್ರಾಣ ಕಳೆಯಬೇಡಿ

ಬಂಡಳ್ಳಿ, ಹನೂರು ಕಡೆಯ ಮನೆಗಳಲ್ಲಿ ನಡೆಯುವ ಸಂಗತಿಯೊಂದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಿತ್ಯ ಕುಡಿಯುವ ಯಜಮಾನ ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಳ್ಳುತ್ತಾನೆ. ಆಸ್ಪತ್ರೆಗೆ ಸೇರಿಸುವಾಗ ವೈದ್ಯರು, "ಕುಡಿಯುವ ಅಭ್ಯಾಸ ಇದೆಯೇ?" ಎಂದು ಕೇಳುತ್ತಾರೆ. ಹೆಂಡತಿ ತಲೆ ತಗ್ಗಿಸುತ್ತಾಳೆ. ಅಣ್ಣ, "ಇಲ್ಲ ಸಾರ್" ಎನ್ನುತ್ತಾನೆ. ಮೂರನೆಯ ದಿನ ರೋಗಿ ಗಡಗಡ ನಡುಗುತ್ತಾನೆ, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಕಾಣುತ್ತಾನೆ, ಡ್ರಿಪ್ ಕಿತ್ತೆಸೆಯುತ್ತಾನೆ. "ಗಾಳಿ ಸೋಕಿದೆ, ಫಾದರನ್ನು ಕರೆಸಿ" ಎಂಬ ಮಾತು ಆಗ ಹುಟ್ಟುತ್ತದೆ.

ಅದು ಗಾಳಿಯಲ್ಲ, ಸೈತಾನನ ಕಾಟವೂ ಅಲ್ಲ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿಹೋದ ಮೆದುಳು, ಮದ್ಯ ಹಠಾತ್ತನೆ ನಿಂತಾಗ ಕೆರಳುತ್ತದೆ. ಕೊನೆಯ ಗುಟುಕಿನ ನಂತರ ಸಾಮಾನ್ಯವಾಗಿ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. 2ರಿಂದ 4 ದಿನಗಳಲ್ಲಿ ಸನ್ನಿ ಹಿಡಿಯಬಹುದು. ಚಿಕಿತ್ಸೆ ಸಿಗದಿದ್ದರೆ ಈ ಸನ್ನಿ ಪ್ರಾಣವನ್ನೇ ತೆಗೆದೀತು.

ಇದಕ್ಕೆ ಔಷಧವಿದೆ. ಕ್ಲೋರ್‌ಡಯಾಜೆಪಾಕ್ಸೈಡ್ ಇಲ್ಲವೇ ಡಯಾಜೆಪಾಮ್ ಕೊಡುತ್ತಾರೆ. ಯಕೃತ್ತು ಕೆಟ್ಟವರಿಗೆ, ವೃದ್ಧರಿಗೆ ಲೊರಾಜೆಪಾಮ್ ಲೇಸು. ಮೆದುಳಿಗೆ ಶಾಶ್ವತ ಹಾನಿಯಾಗದಂತೆ, ಗ್ಲೂಕೋಸ್ ಏರಿಸುವ ಮುನ್ನವೇ ಥಯಾಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು ಕೊಡುವುದು ಒಳ್ಳೆಯ ಪದ್ಧತಿ. ಆದರೆ ನೀವು ಸತ್ಯ ಮುಚ್ಚಿಟ್ಟರೆ ವೈದ್ಯರು ಇದನ್ನೆಲ್ಲ ಸಕಾಲಕ್ಕೆ ಹೇಗೆ ಆರಂಭಿಸಿಯಾರು?

"ಒಂದು ಅಮಲು ಬಿಡಿಸಲು ಇನ್ನೊಂದು ಅಮಲೇ?" ಎಂದು ಮೂಗು ಮುರಿಯುವವರಿದ್ದಾರೆ. ಈ ಮಾತ್ರೆಗಳು ಚಟವಾಗಬಲ್ಲವು, ನಿಜ. ಆದ್ದರಿಂದಲೇ ವೈದ್ಯರು ಅವನ್ನು ಅಳೆದು ಕೊಟ್ಟು, ಕೆಲವೇ ದಿನಗಳಲ್ಲಿ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಅಂಗಡಿಯಿಂದ ತಂದು ನೀವೇ ನುಂಗಿಸಬೇಡಿ. ಕುಡಿತ ಬಿಡಿಸುವ ಪುಡಿಯೆಂದು ಗುಟ್ಟಾಗಿ ಅನ್ನದಲ್ಲಿ ಬೆರೆಸುವುದಂತೂ ಅಪಾಯ.

ತಪಸ್ಸುಕಾಲದಲ್ಲಿ ಶಿಲುಬೆಯ ಮುಂದೆ ಆಣೆ ಮಾಡಿಸಿ, ಒಂದೇ ದಿನದಲ್ಲಿ ಕುಡಿತ ಬಿಡಿಸಹೊರಟ ಗುರುಗಳಾದ ನಾವೂ ಈ ತಪ್ಪಿನಲ್ಲಿ ಪಾಲುದಾರರು. ಆಣೆ ಮನಸ್ಸನ್ನು ಕಟ್ಟೀತು, ಫಿಟ್ಸನ್ನು ತಡೆಯದು. ನಿತ್ಯ ವಿಪರೀತ ಕುಡಿಯುವವನನ್ನು ಆಣೆಗೆ ಮುಂಚೆ ಆಸ್ಪತ್ರೆಗೆ ಕರೆದೊಯ್ಯಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯೆಂದೇ ಎಣಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿಗೆಂದೇ ವಿಭಾಗವಿದೆ. ಸಲಹೆಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆಯಿದೆ. ನಡುಕ ನಿಂತ ಮೇಲೂ ಆಪ್ತಸಮಾಲೋಚನೆ ಬೇಕು. ಪ್ರಾರ್ಥನೆಯೂ ಆಗ ಜೊತೆಗಿರಲಿ.

ಸಮಾರಿಯದವನು ದಾರಿಯಲ್ಲಿ ಬಿದ್ದವನಿಗೆ ಉಪದೇಶ ಮಾಡಲಿಲ್ಲ. ಗಾಯ ಕಟ್ಟಿ, ಛತ್ರಕ್ಕೆ ಸೇರಿಸಿ, ಖರ್ಚನ್ನೂ ಕೊಟ್ಟನು. ಮುಂದಿನ ಸಲ ವೈದ್ಯರು ಕೇಳಿದಾಗ, "ಹೌದು, ಕುಡಿಯುತ್ತಾರೆ, ಕೊನೆಯ ಸಲ ಕುಡಿದದ್ದು ಇಂಥ ಹೊತ್ತಿಗೆ" ಎಂದು ತಲೆಯೆತ್ತಿ ಹೇಳಿರಿ. ಆ ಒಂದು ಸತ್ಯ ನಿಮ್ಮವರ ಜೀವ ಉಳಿಸೀತು.